ಅಕ್ಕನ ಊರಿನ ಕೆರೆ

ಅಂದಾನಪ್ಪನಿಗೆ ನಲ್ಲಿ ನೀರಿನ ಹಂಬಲ ಹತ್ತಿದ್ದು ಮಗಳು ತೀರಿಕೊಂಡ ಬೇಸಿಗೆಯಲ್ಲಿ. ಶಿರಸಿ ಪೇಟೆಯಲ್ಲಿ ಅವನದು ಅಕ್ಕಿ ಬೇಳೆಯ ಅಂಗಡಿ. ೧೯೫೭ರಲ್ಲಿ ಓಣಿಯ ಬಾವಿ ತಳ ಕಂಡಾಗ ಜನ ಕೆಸರು ನೀರನ್ನೇ ಸೋಸಿ ಕುಡಿದರು. ಓಣಿಯಲ್ಲಿ ವಾಂತಿಭೇದಿ ಎದ್ದಿತು. ಇನ್ನೂ ಶಾಲೆ ಮೆಟ್ಟಿಲು ಹತ್ತದ ಪರಿಮಳಾ ಒಂದೇ ರಾತ್ರಿಯಲ್ಲಿ ಹೋಗಿಬಿಟ್ಟಳು. ಅವನ ಹೆಂಡತಿ ಶಾರದವ್ವ ಆಮೇಲೆ ಆ ಬಾವಿಗೆ ಕೊಡ ಇಳಿಸಲಿಲ್ಲ. ದೂರದ ಬಾವಿಯಿಂದ ಹೊತ್ತು ತಂದಳು.

ಪೇಟೆಯವರು ಕಟ್ಟಿಕೊಂಡ ನೀರಿನ ಸಮಿತಿಗೆ ಅಂದಾನಪ್ಪ ಸೇರಿದ್ದು ಆಗ. ಊರೂರು ತಿರುಗಿ ನೋಡಿದ ಇಂಜಿನಿಯರು ಕೊನೆಗೆ ಬನವಾಸಿ ದಾರಿಯ ಕೋಡನಕೊಪ್ಪದ ಕೆರೆಯನ್ನು ಮೆಚ್ಚಿದ. ಪಂಪು ಕೂರಿಸಿ ಪೈಪಿನಲ್ಲಿ ತರಬಹುದೆಂದ. ಅದೇ ಊರಿಗೆ ಅಂದಾನಪ್ಪನ ಅಕ್ಕ ಮುರಿಗೆವ್ವನನ್ನು ಕೊಟ್ಟಿದ್ದರು. ಗಂಡ ತೀರಿದ ಮೇಲೆ ಅವಳೇ ನಿಂತು ಗದ್ದೆ ಮಾಡಿಸುತ್ತಿದ್ದಳು. ಮಳೆಗಾಲದ ಭತ್ತ ಮನೆಗೆ ಬಂದ ಮೇಲೂ ಕೆರೆ ನೀರಿನಿಂದ ಇನ್ನೊಂದು ಬೆಳೆ ಬರುತ್ತಿತ್ತು. ಊರು ನಿಂತಿದ್ದೇ ಆ ಎರಡನೆಯ ಬೆಳೆಯ ಮೇಲೆ.

ಊರವರು ಕೆರೆ ಕೊಡುವುದಿಲ್ಲ ಎಂದರು. ಅಂದಾನಪ್ಪ ಅಕ್ಕನ ಮನೆಯಲ್ಲಿ ಉಳಿದು ಅವಳಿಗೆ ತಿಳಿಯ ಹೇಳಿದ. ಕೆರೆ ಅರ್ಧಕ್ಕೆ ಇಳಿದ ದಿನ ಪಂಪು ನಿಲ್ಲುತ್ತದೆ, ಉಳಿದದ್ದು ಗದ್ದೆಗೆ ಎಂದ. ಮುರಿಗೆವ್ವ ಪರಿಮಳಾಳನ್ನು ಎತ್ತಿ ಆಡಿಸಿದವಳು. ಮರುದಿನ ಊರವರು ಸೇರಿದಲ್ಲಿಗೆ ತಾನೇ ಹೋದಳು. ಹೆಂಗಸರು ಅಲ್ಲಿ ಮಾತಾಡುವ ರೂಢಿ ಇರಲಿಲ್ಲ.

"ನನ್ನ ತಮ್ಮ ಮಾತು ಕೊಟ್ಟಾನ. ಅದಕ್ಕ ನಾ ಹೊಣೆ" ಎಂದಳು.

ಊರು ಒಪ್ಪಿತು.

ಶಿರಸಿಗೆ ನೀರು ಬಂದ ದಿನ ಶಾರದವ್ವ ನಲ್ಲಿಯ ಬುಡದಲ್ಲಿ ಕೂತು ಅತ್ತಳು. ಮೊದಲ ಬೇಸಿಗೆಗಳಲ್ಲಿ ಪಂಪು ಮಾತಿನಂತೆ ನಿಂತಿತು. ಮಳೆ ಬರುವ ತನಕ ಪೇಟೆಯವರು ಬಾವಿಗಳಿಂದಲೇ ಸುಧಾರಿಸಿಕೊಂಡರು. ಆದರೆ ನೀರು ಬಂದ ಊರಿಗೆ ಜನವೂ ಬಂದರು. ಅಡಿಕೆ ವಖಾರಿಗಳು ಎದ್ದವು, ಖಾನಾವಳಿಗಳು ಹೆಚ್ಚಿದವು, ಕಾಲೇಜು ಬಂತು, ಹುಡುಗರು ಬಾಡಿಗೆ ಕೋಣೆ ಹಿಡಿದರು. ಊರ ಹೊರಗೆ ಹೊಸ ಓಣಿಗಳಾದವು. ಎಲ್ಲರಿಗೂ ನಲ್ಲಿ ಬೇಕಿತ್ತು. ನಲ್ಲಿ ಬಂದ ಓಣಿಯವರು ತಮ್ಮ ಬಾವಿ ಮುಚ್ಚಿ ಅದರ ಮೇಲೆ ಮನೆ ಎಬ್ಬಿಸಿದರು.

೧೯೬೪ರ ಬೇಸಿಗೆಯಲ್ಲಿ ಕೆರೆ ಅರ್ಧಕ್ಕೆ ಇಳಿಯಿತು. ಸಮಿತಿ ಸೇರಿತು. ಬೇರೆ ನೀರು ಸಿಗುವ ತನಕ ಹೊಸ ನಲ್ಲಿ ಬೇಡ ಎಂದು ಅಂದಾನಪ್ಪ ಹೇಳಿ ನೋಡಿದ. ಬೆಳೆಯುವ ಊರನ್ನು ಹಿಡಿದು ನಿಲ್ಲಿಸುವುದು ಹೇಗೆ ಎಂದು ಉಳಿದವರು ಕೇಳಿದರು. ಪಂಪು ನಿಲ್ಲಿಸಿದರೆ ಜನ ಕುಡಿಯಬೇಕಾದದ್ದು ಅಳಿದುಳಿದ ಬಾವಿಗಳ ತಳದ ಕೆಸರನ್ನೇ. ಮಗಳ ಒಣಗಿದ ತುಟಿ ಕಣ್ಣ ಮುಂದೆ ಬಂತು. ಪಂಪು ನಡೆಯಲಿ ಎಂದು ಎಲ್ಲರ ಜೊತೆ ಅವನೂ ಕೈ ಎತ್ತಿದ.

ಮರುದಿನ ಮುಂಜಾನೆಯ ಬಸ್ಸಿಗೆ ಕೋಡನಕೊಪ್ಪಕ್ಕೆ ಹೋದ. ಮುರಿಗೆವ್ವ ರೊಟ್ಟಿ ಬಡಿಯುತ್ತಲೇ ಎಲ್ಲ ಕೇಳಿದಳು.

"ನನಗೊಬ್ಬಾಕಿಗೆ ಹೇಳಿದ್ರ ಆತೇನು? ಅವತ್ತು ಊರಿಗೆ ಹೇಳಿದಾಕಿ ನಾನು. ಇವತ್ತ ನೀನ ಹೇಳು, ನಡಿ."

ಅವನು ಗದ್ದೆಗೆ ಹೋಗಿ ಹೇಳಿದ. ಯಾರೂ ದನಿ ಏರಿಸಲಿಲ್ಲ. ಪೈರು ತೆನೆ ಒಡೆಯುವ ಹೊತ್ತು. ಮುರಿಗೆವ್ವನ ಗದ್ದೆಯನ್ನು ಪಾಲಿಗೆ ಮಾಡುತ್ತಿದ್ದ ಹೊನ್ನ ಮಾತ್ರ ಕೇಳಿದ:

"ಸಾವ್ಕಾರ್ರ, ನಿಮ್ಮ ಊರು ಎಷ್ಟು ದೊಡ್ಡದಾದ ಮ್ಯಾಲ ಸಾಕು ಅಂತೈತ್ರಿ?"

ಅಂದಾನಪ್ಪ ಸಂಜೆಯ ಬಸ್ಸಿಗೆ ಶಿರಸಿಗೆ ಮರಳಿದ. ಆ ಬೆಳೆ ಜೊಳ್ಳಾಯಿತು. ಮುಂದಿನ ವರ್ಷ ಎರಡನೆಯ ಬೆಳೆ ಹಾಕುವ ಧೈರ್ಯ ಯಾರೂ ಮಾಡಲಿಲ್ಲ. ಹೊನ್ನ ಹೆಂಡತಿ ದುರ್ಗಿಯನ್ನು ಕರೆದುಕೊಂಡು ಶಿರಸಿಗೆ ಬಂದು ಪೈಪಿನ ಕಾಲುವೆ ತೋಡುವ ಕೆಲಸಕ್ಕೆ ಸೇರಿದ. ಪೇಟೆಯ ಹೊರಗೆ ಇಸಳೂರಿನ ಕಡೆ ಗುಡಿಸಲು ಹಾಕಿಕೊಂಡರು. ಅಲ್ಲಿಗೆ ನಲ್ಲಿ ಬಂದಿರಲಿಲ್ಲ. ಅಂದಾನಪ್ಪ ತನ್ನ ಮನೆಯ ನಲ್ಲಿಯಿಂದ ಒಯ್ಯಿರಿ ಎಂದು ಹೇಳಿ ಕಳಿಸಿದ. ದುರ್ಗಿ ಬರಲಿಲ್ಲ.

ಕೋಡನಕೊಪ್ಪದಲ್ಲಿ ಮುರಿಗೆವ್ವನಿಗೆ ಯಾರೂ ಕೆಟ್ಟ ಮಾತು ಆಡಲಿಲ್ಲ. ಆದರೆ ಮದುವೆ, ಸೀಮಂತ ಎಂದು ಕರೆಯಲು ಬರುವುದನ್ನು ಬಿಟ್ಟರು. ಶಿರಸಿಗೆ ಬಂದುಬಿಡು ಎಂದು ತಮ್ಮ ಎಷ್ಟೋ ಸಲ ಕರೆದ. ಅವಳು ಒಪ್ಪಲಿಲ್ಲ.

ಇನ್ನೆರಡು ವರ್ಷಕ್ಕೆ ಕೆರೆ ಬೇಸಿಗೆ ಕಾಣುವ ಮೊದಲೇ ತಳ ಕಂಡಿತು. ಶಿರಸಿಯ ನಲ್ಲಿಗಳಲ್ಲಿ ಬರೀ ಗಾಳಿ ಬಂತು. ಸಮಿತಿ ಇನ್ನೂ ದೂರದ ಒಂದು ಕೆರೆ ಹುಡುಕಿ, ಅಲ್ಲಿಯ ಜನರನ್ನು ಒಪ್ಪಿಸಲು ಅಂದಾನಪ್ಪನನ್ನೇ ಹೋಗು ಎಂದಿತು. ಅವನು ಹೋಗಲಿಲ್ಲ, ಸಮಿತಿಯನ್ನೇ ಬಿಟ್ಟ. ಬೇರೆಯವರು ಹೋಗಿ ಒಪ್ಪಿಸಿಕೊಂಡು ಬಂದರು. ಅದಕ್ಕೆ ಒಂದು ವಾರವೂ ಬೇಕಾಗಲಿಲ್ಲ.

ಅವನು ಇದನ್ನು ಹೇಳಿದಾಗ ಮುರಿಗೆವ್ವ ಹಾಸಿಗೆ ಹಿಡಿದಿದ್ದಳು. ಅವಳು ಕೇಳಿದಳು:

"ಅಲ್ಲಿ ಹೊಣೆ ನಿಂತವರು ಯಾರು?"

ಗೊತ್ತಿಲ್ಲ ಎಂದ. ಅವಳು ಗೋಡೆಯ ಕಡೆ ಹೊರಳಿದಳು. ಅವನು ಕುಡಿಯಲು ನೀರು ಬೇಕೇ ಎಂದು ಕೇಳಿದ. ಅವಳು ಬೇಡ ಎಂದಳು.