ನೂರಹತ್ತು ಪರ್ಸೆಂಟ್ ಹಲ್ಲುನೋವು

ಹಲ್ಲಿನ ಡಾಕ್ಟರ ಫೇಸ್‌ಬುಕ್ ಪೇಜಿಗೆಂದು ಮಾಡಿದ ಇನ್ಫೋಗ್ರಾಫಿಕ್‌ನಲ್ಲಿ ಹಲ್ಲುನೋವಿನ ಕಾರಣಗಳನ್ನು ಕೂಡಿದರೆ ನೂರಹತ್ತು ಪರ್ಸೆಂಟ್ ಆಗುತ್ತಿತ್ತು. ಡಿಸೈನರ್ ಹುಡುಗಿಗೆ ಅದು ಹೊಳೆದದ್ದು ಫೈಲು ಕಳಿಸಿ ಎರಡು ಗಂಟೆಯಾದ ಮೇಲೆ. ಹಳೇ ಗಿರಾಕಿಯ ಚಿತ್ರದ ಮೇಲೆಯೇ ಹೊಸ ಅಂಕಿ ಕೂರಿಸುವ ಸೋಮಾರಿತನದಲ್ಲಿ ಒಂದು ಅಂಕಿ ಹಾಗೇ ಉಳಿದಿತ್ತು. ಇಂಥದೇ ತಪ್ಪಿಗೆ ಆ ಗಿರಾಕಿ ಕೈಬಿಟ್ಟಿದ್ದ. ಇವರೂ ಹೋದರೆ ಅವಳಿಗೆ ಬೇರೆ ಕೆಲಸವಿರಲಿಲ್ಲ. ಎದೆ ಗಟ್ಟಿಮಾಡಿಕೊಂಡು ಡಾಕ್ಟರಿಗೆ ಫೋನ್ ಮಾಡಿದಳು.

“ಮೇಡಂ, ಆ ಚಿತ್ರ...”

“ಇನ್ನೂ ಹಾಕಿಲ್ಲಮ್ಮ. ನಮ್ಮತ್ತೆ ಓದಿ ಹೂಂ ಅನ್ನದೆ ನಾನೇನೂ ಹಾಕಲ್ಲ. ಅಕ್ಷರ ಇರುವೆ ಸಾಲಿನ ಹಾಗಿದೆ ಅಂತ ಬೈತಿದಾರೆ. ದೊಡ್ಡದು ಮಾಡ್ತೀಯಾ?”

“ಮಾಡ್ತೀನಿ. ಒಂದು ಅಂಕಿನೂ ತಪ್ಪಿದೆ, ಸರಿಮಾಡಿ ಕಳಿಸ್ತೀನಿ.”

“ಕಣ್ಣಿಗೇ ಕಾಣದ ಅಂಕಿ ತಪ್ಪಾದರೇನು, ಒಪ್ಪಾದರೇನು. ಸಂಜೆಯೊಳಗೆ ಕೊಡು.”

ಹುಡುಗಿ ಫೋನಿಟ್ಟು, ಮುಟ್ಟದೇ ಬಿಟ್ಟಿದ್ದ ಊಟದ ಡಬ್ಬಿ ತೆರೆದಳು.