ನೂರಾ ಎಪ್ಪತ್ತರ ಕಾರ್ಡು

"ಇದು ಡೂಪ್ಲಿಕೇಟ್ ಐತ್ರಿ ಅಕ್ಕಾರ," ಎಂದು ವಿಡಿಯೋ ತೆಗೆಯುವ ಮಾಲತೇಶ, ದಪ್ಪಗೆ ನೂರಾ ಎಪ್ಪತ್ತು ಎಂದು ಬರೆದಿದ್ದ ಅಂಚೆಚೀಟಿಯಷ್ಟಗಲದ ಮೆಮೊರಿ ಕಾರ್ಡನ್ನು ಗಾಜಿನ ಕೌಂಟರಿನ ಮೇಲೆ ಇಟ್ಟ.

ರಾಣೇಬೆನ್ನೂರಿನ ಆ ಕ್ಯಾಮೆರಾ ಅಂಗಡಿಯ ಒಡತಿ ನಸ್ರೀನ್ ಕಾರ್ಡನ್ನು ನೋಡಲಿಲ್ಲ. ಅವನ ಬೆನ್ನಿಗೆ ಅಂಟು ಹಚ್ಚಿಕೊಂಡವನಂತೆ ನಿಂತಿದ್ದ ದೊಡ್ಡ ಮೀಸೆಯವನನ್ನು ನೋಡಿದಳು.

"ಇವರ‍್ಯಾರ‍್ರಿ?"

"ಹೋರಿ ಮಾಲಕರು. ಗುಡದಪ್ಪ ಕಾಕಾ."

"ಕಾವಲುಗಾರ ಅನ್ನು," ಎಂದ ಗುಡದಪ್ಪ. "ಎರಡು ದಿನ ಆತು ಇವನ ಬೆನ್ನ ಹತ್ತಿ. ಚಾ ಕುಡ್ಯಾಕ ಹೋದ್ರೂ ಹಿಂದ ಹೊಂಟೇನಿ. ಏನು ಅಳಸ್ತಾನೋ, ಏನು ಮುಚ್ಚಿಡ್ತಾನೋ!"

ಅವನ ಕಾವಲಿಗೆ ಕಾರಣವಿತ್ತು. ಮೊನ್ನೆ ಬ್ಯಾಡಗಿ ಹತ್ತಿರದ ಅಖಾಡದಲ್ಲಿ ಹೋರಿ ಬೆದರಿಸುವ ಸ್ಪರ್ಧೆ ನಡೆದಿತ್ತು. ಮೈತುಂಬ ಕೊಬ್ಬರಿ ಹಾರ ಹೊತ್ತ ಹೋರಿ ಜನರ ನಡುವೆ ನುಗ್ಗಿ ಓಡಬೇಕು. ಗೆರೆ ದಾಟುವುದರೊಳಗೆ ಯಾರಾದರೂ ಒಂದು ಕೊಬ್ಬರಿ ಹರಿದರೂ ಹೋರಿ ಸೋತಂತೆ. ಗುಡದಪ್ಪನ ಹೋರಿಯ ಹೆಸರು 'ಬ್ಯಾಡಗಿ ಖಾರ'. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಮ್ಮಿ ಎಂದು ಗೊತ್ತಿದ್ದೂ ಹೆಸರಿಟ್ಟವನು ಅವನು. ಆದರೂ ಹೋರಿ ನಾಲ್ಕು ವರ್ಷ ಸೋತಿರಲಿಲ್ಲ. ಮೊನ್ನೆ ಗುತ್ತಲದ ದುರುಗೇಶ ಎಂಬ ಹುಡುಗ ಗೆರೆಯ ಆಚೆ ಕೊಬ್ಬರಿಯೊಂದನ್ನು ಮೇಲೆತ್ತಿ ಹಿಡಿದು, "ಹರದೇನಿ!" ಎಂದು ಕೂಗಿದ. ಗುಡದಪ್ಪ ಅದನ್ನು ಕೈಯಲ್ಲಿ ಹಿಡಿದೂ ನೋಡಲಿಲ್ಲ. "ಅಂಗಡ್ಯಾಗ ತಂದು ಅಂಗಿ ಬಕ್ಕಣದಾಗ ಇಟ್ಕೊಂಡಿದ್ದ, ಕಳ್ಳ!" ಎಂದು ಸಾವಿರ ಜನರೆದುರು ಬೈದ. ಕಮಿಟಿಯವರು ಇಬ್ಬರ ಮಾತನ್ನೂ ನಂಬದೆ, "ಮಾಲತೇಶನ ಫೋರ್‌ಕೆ ವಿಡಿಯೋ ನೋಡೂಣು" ಎಂದರು.

ಮಾಲತೇಶನ ವಿಡಿಯೋ ಹೋರಿ ಗೆರೆಯ ಹತ್ತಿರ ಬರುವ ತನಕ ಕನ್ನಡಿಯಂತಿತ್ತು. ಅಲ್ಲಿಗೆ ಕ್ಯಾಮೆರಾ ತಾನೇ ನಿಂತುಬಿಟ್ಟಿತ್ತು.

"ಬರೋಬ್ಬರಿ ಅಲ್ಲೇ ನಿಂತೈತಿ ನೋಡವ್ವಾ," ಎಂದು ಗುಡದಪ್ಪ ನಸ್ರೀನಳಿಗೆ ವರದಿ ಒಪ್ಪಿಸಿದ. "ಗುತ್ತಲದವರ ಕಡೆ ಏನು ತಿಂದಾನೋ ಇಂವಾ!"

ಗುತ್ತಲದವರೂ ಇದೇ ಮಾತನ್ನು ತಿರುಗಿಸಿ ಆಡುತ್ತಿದ್ದರು: ಗುಡದಪ್ಪನ ಕಡೆ ಏನು ತಿಂದಾನೋ! ಎರಡೂ ಕಡೆ ತಿಂದವನೆಂದು ಹೆಸರು ಪಡೆದ ಮಾಲತೇಶನಿಗೆ ಎರಡು ದಿನದಿಂದ ಊಟ ಸೇರಿರಲಿಲ್ಲ. ಇವತ್ತು ಸಂಜೆ ಐದಕ್ಕೆ ಕಮಿಟಿ ಕೂಡುತ್ತದೆ. ಆಗಲೂ ಕೈ ಖಾಲಿಯಿದ್ದರೆ ಇನ್ನು ಯಾವ ಅಖಾಡದವರೂ ಅವನನ್ನು ಒಳಗೆ ಬಿಡುವುದಿಲ್ಲ.

ನಸ್ರೀನ್ ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ಪರೀಕ್ಷೆಗೆ ಬಿಟ್ಟಳು. ಪರದೆಯ ಮೇಲೆ ಕಾರ್ಡಿನ ವೇಗ ತೋರಿಸುವ ಗೆರೆ ಮೊದಲು ಎಂಬತ್ತರ ತನಕ ಹಾರಿತು; ಅರ್ಧ ನಿಮಿಷದಲ್ಲಿ ಹನ್ನೆರಡಕ್ಕೆ ಇಳಿದು ಮಲಗಿತು.

"ಅಸಲಿ ಐತ್ರಿ ಅಣ್ಣಾರ. ಈ ನೂರಾ ಎಪ್ಪತ್ತು ಅನ್ನೋದು ಓದೋ ವೇಗ. ಕಾರ್ಡಿನಿಂದ ಕಂಪ್ಯೂಟರಿಗೆ ತಗೊಳ್ಳುವಾಗಿಂದು. ಕ್ಯಾಮೆರಾ ಬರಿಯೋ ವೇಗ ಬ್ಯಾರೆ. ಮೂಲ್ಯಾಗ ಸಣ್ಣಂಗ 'ವಿ ಹತ್ತು' ಅಂತ ಐತಿ ನೋಡ್ರಿ. ಎಷ್ಟೇ ದಣದ್ರೂ ಸೆಕೆಂಡಿಗೆ ಹತ್ತು ಎಂಬಿ ಬರಿತೇನಿ ಅಂತ. ನಿಮ್ಮ ಕ್ಯಾಮೆರಾ ಸೆಕೆಂಡಿಗೆ ಇಪ್ಪತ್ತೈದು ಸುರಿತೈತಿ. ತಡಕೋಬೇಕಂದ್ರ ವಿ ಮೂವತ್ತು ಬೇಕು."

"ಹಂಗಾರ ಇದನ್ಯಾಕ ಕೊಟ್ರಿ?"

"ವಿ ಮೂವತ್ತೇ ತೋರಿಸಿದ್ದೆ. ಅದರ ಮ್ಯಾಲೆ ನೂರು ಅಂತ ಬರದಿತ್ತು. 'ನೂರು ಬ್ಯಾಡ, ನೂರಾ ಎಪ್ಪತ್ತು ಕೊಡ್ರಿ' ಅಂದವ್ರು ಯಾರು?"

ಮಾಲತೇಶ ಛಾವಣಿಯ ಫ್ಯಾನನ್ನು ನೋಡಿದ.

"ಖಾಲಿ ಮೈಲೆ ಎಲ್ಲಾ ಹೋರಿನೂ ಓಡ್ತಾವು," ಎಂದ ಗುಡದಪ್ಪ, ವಿಷಯ ತನ್ನ ಹಟ್ಟಿಗೆ ಬಂದ ಖುಷಿಯಲ್ಲಿ. "ಹಾರ ಹೊತ್ಕೊಂಡು ಕಡೀತನಕ ಓಡೋದು ಯಾವುದು ಅಂತ ನೋಡಿ ತರಬೇಕು. ನೀ ಬರೇ ಕೋಡು ನೋಡಿ ತಂದಿ." ಮರುಗಳಿಗೆಯೇ ಕಣ್ಣು ಕಿರಿದು ಮಾಡಿದ. "ಇಲ್ಲಾ, ಬೇಕಂತ ತಂದ್ಯೋ?"

"ಬ್ಯಾರೆ ಕ್ಯಾಮೆರಾ ಇರಲಿಲ್ಲೇನ್ರಿ?" ಎಂದಳು ನಸ್ರೀನ್.

"ಹಳೇದೊಂದು ಇತ್ತು. ಗೆರಿ ಹತ್ರ ಸ್ಟ್ಯಾಂಡಿಗೆ ಹಚ್ಚಿದ್ದೆ, ಜನರ ಮಾರಿ ಹಿಡ್ಯಾಕ. ಅದರಾಗ ಏನು ಸಿಗ್ತೈತ್ರಿ? ಸಾದಾ ಎಚ್‌ಡಿ, ಹಳೇ ಕಾರ್ಡು."

"ಸಾದಾ ಎಚ್‌ಡಿಗೆ ಹಳೇ ಕಾರ್ಡೇ ಸಾಕು. ತಗೀರಿ."

ಬ್ಯಾಗಿನ ತಳದಿಂದ ಹಳೆಯ ಕ್ಯಾಮೆರಾ ಹೊರಬಂತು. ಅದರ ಕಾರ್ಡಿನ ಮೇಲೆ ಬರೆದಿದ್ದ ವೇಗದ ಅಂಕಿ ಬರೀ ನಾಲ್ಕು. ಪರದೆಯಲ್ಲಿ ಮಸುಕಾದ ಜನ, ಧೂಳು, ಬಲೂನು. ಎಡಗಡೆಯಿಂದ 'ಬ್ಯಾಡಗಿ ಖಾರ' ನುಗ್ಗಿತು. ಹಾರದೊಳಗೆ ಒಂದು ಕೈ ಹೋಯಿತು, ಎಳೆಯಿತು, ಕೊಬ್ಬರಿಯ ಜೊತೆ ಹೊರಬಂತು. ಹೋರಿ ಆಮೇಲೆ ಗೆರೆ ದಾಟಿತು. ಕೈಯ ಹಿಂದೆ ದುರುಗೇಶನ ಮುಖ.

"ಇನ್ನೊಮ್ಮೆ," ಎಂದ ಗುಡದಪ್ಪ.

ಮೂರು ಸಲ ನೋಡಿದ. ಮೂರು ಸಲವೂ ಹೋರಿ ಸೋತಿತು. ಆಮೇಲೆ ಕೈ ಚಾಚಿ, ಕಾರ್ಡನ್ನು ತಾನೇ ಕಿತ್ತು ಮುಷ್ಟಿಯಲ್ಲಿಟ್ಟುಕೊಂಡ.

"ಕಾಕಾ, ಅದರದ್ದು ಕಾಪಿ ತಗೊಂಡಿಲ್ಲ..."

"ನನ್ನ ಹಂತ್ಯಾಕ ಇರ್ಲಿ. ನಿನ್ನ ಮ್ಯಾಲೆ ನನಗ ನಂಬಿಕಿಲ್ಲ."

ಬೈಕಿನ ಮೇಲೆ ಮಾಲತೇಶ ಕೇಳಿದ, "ಬ್ಯಾಡಗಿಗೆ ಹೋಗೂಣಲ್ಲ?"

"ಗುತ್ತಲಕ್ಕ ಹೊಡಿ."

"ಗುತ್ತಲದಾಗ ಏನೈತಿ?"

"ಹೊಳಿ ಐತಿ."

ಮಾಲತೇಶ ಬೈಕನ್ನು ಗುತ್ತಲದ ಕಡೆ ತಿರುಗಿಸಿದ. ತುಂಗಭದ್ರೆಗೆ ಒಂದು ಕಾರ್ಡು ಎಷ್ಟರದು? ದಾರಿಯುದ್ದಕ್ಕೂ ಅವನು ಕನ್ನಡಿಯಲ್ಲಿ ಆ ಮುಷ್ಟಿಯನ್ನೇ ನೋಡಿದ. ಈಗ ಕಾವಲು ಅವನದು.

ಹೊಳೆಗೆ ತಿರುಗುವ ದಾರಿ ಬಂದಾಗ ಗುಡದಪ್ಪ, "ನಿಂದ್ರಸು" ಎಂದ. ಇಳಿದ. ಆ ಕಡೆ ಒಮ್ಮೆ ನೋಡಿದ. ಕೊನೆಗೆ ಸೈಕಲ್ ಪಂಕ್ಚರ್ ಅಂಗಡಿಯವನನ್ನು ಕೇಳಿದ: "ದುರುಗೇಶನ ಮನಿ ಎಲ್ಲಿ ಬರತೈತ್ರಿ?"

ದುರುಗೇಶ ಜಗಳಕ್ಕೆ ತಯಾರಾಗಿಯೇ ಹೊಸ್ತಿಲಿಗೆ ಬಂದ. ಒಳಗಿನಿಂದ ಅವನ ಅವ್ವ, "ಯಾರಪಾ?" ಎಂದಳು.

"ಆ ಕೊಬ್ಬರಿ ತಾ," ಎಂದ ಗುಡದಪ್ಪ.

ದೇವರ ಮಾಡದಲ್ಲಿಟ್ಟಿದ್ದ ಕೊಬ್ಬರಿ ಬಟ್ಟಲು ಹೊರಬಂತು. ಅದರ ತೂತಿನಲ್ಲಿ ತುಂಡು ಕೆಂಪು ದಾರ, ದಾರಕ್ಕೆ ಒಂದರ ಮೇಲೊಂದು ಮೂರು ಗಂಟು. ಗುಡದಪ್ಪನ ಹೆಂಡತಿ ಶಾರದವ್ವ ಹಾರದ ಕೊಬ್ಬರಿ ಹೀಗೇ ಕಟ್ಟುವುದು. ಒಂದು ಗಂಟು ಸಾಕು ಎಂದು ಅವನು ನಾಲ್ಕು ವರ್ಷದಿಂದ ಹೇಳುತ್ತಲೇ ಬಂದಿದ್ದ.

ಅವನು ಹೆಬ್ಬೆರಳಿನಿಂದ ಗಂಟುಗಳನ್ನು ಒಂದೊಂದಾಗಿ ಸವರಿದ. ಆಮೇಲೆ ಮುಷ್ಟಿ ಬಿಚ್ಚಿ, ಬೆವರಿಗೆ ಒದ್ದೆಯಾದ ಕಾರ್ಡನ್ನು ಅಂಗಿಗೆ ಒರೆಸಿ, ಕೊಬ್ಬರಿ ಬಟ್ಟಲಿನೊಳಗೆ ಇಟ್ಟು ಹುಡುಗನ ಕೈಗೆ ಕೊಟ್ಟ.

"ಐದರೊಳಗ ಕಮಿಟಿಗೆ ಮುಟ್ಟಬೇಕು. ಗಾಡಿ ಮ್ಯಾಲೆ ನೀ ಕುಂದ್ರು, ನಾ ಬಸ್ಸಿಗೆ ಬರ‍್ತೇನಿ."