ನನ್ನ ಈಮೇಲ್ ವಿಳಾಸ ಮಾರಿದವರು ಯಾರು?

ಮಾರಿಸ್‌ಟೌನಿನ ಮೃತ್ಯುಂಜಯ ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದರೆ ಸಾಕು, ಬೇಡದ ಮೇಲ್‌ಗಳು ಸಾಲಾಗಿ ಬಂದು ಬೀಳುತ್ತಿದ್ದವು. ತೂಕ ಇಳಿಸುವ ಮಾತ್ರೆ, ಪುಕ್ಕಟೆ ಫ್ಲಾರಿಡಾ ಪ್ರವಾಸ, ಇನ್ನೂ ಏನೇನೋ. ಇಸವಿ ಎರಡು ಸಾವಿರ, ಫೋನ್ ಲೈನಿನ ಇಂಟರ್‌ನೆಟ್. ಅಷ್ಟೂ ಇಳಿಯುವುದರೊಳಗೆ ಕಾಫಿ ಆರಿಹೋಗುತ್ತಿತ್ತು.

ಎರಡು ತಿಂಗಳ ಹಿಂದೆ ಈ ಕಾಟ ಇರಲಿಲ್ಲ. ಆಮೇಲೆ ಅವನು ಆ ಸುತ್ತಲಿನ ಕನ್ನಡಿಗರ ಮೇಲಿಂಗ್ ಲಿಸ್ಟ್ ಸೇರಿದ್ದ. ಒಬ್ಬರು ಬರೆದರೆ ಮುನ್ನೂರು ಮಂದಿಗೆ ತಲುಪುವ ಪಟ್ಟಿ ಅದು. ನೋಡಿಕೊಳ್ಳುತ್ತಿದ್ದವನು ಫ್ಲೋರಲ್ ಪಾರ್ಕಿನ ರಾಜಶೇಖರ, ಗದಗಿನ ಕಾಲೇಜಿನಿಂದಲೂ ಇವನ ಗೆಳೆಯ.

"ನನ್ನ ಅಡ್ರೆಸ್ ಬ್ಯಾರೆ ಯಾರ ಹತ್ರ ಐತಿ? ಅವನ ಮಾರ್ಯಾನ" ಎಂದು ಹೆಂಡತಿ ನಂದಾಗೆ ಹೇಳಿದ. ರಾಜಶೇಖರ ಆಗಷ್ಟೇ ಹೊಸ ಕಾರು ತೆಗೆದುಕೊಂಡಿದ್ದ. ಅದಕ್ಕೂ ಒಂದು ಅರ್ಥ ಹುಟ್ಟಿತು. ಅವನು ನಕ್ಕು ಮಾತಾಡಿದರೆ ಏನೋ ಮುಚ್ಚಿಡುತ್ತಿದ್ದಾನೆ ಅನ್ನಿಸುತ್ತಿತ್ತು. ಸುಮ್ಮನಿದ್ದರೆ ಒಳಗೇ ಅಳುಕುತ್ತಿದ್ದಾನೆ ಅನ್ನಿಸುತ್ತಿತ್ತು.

ಒಂದು ದಿನ ಆಫೀಸಿಗೆ ಹೊರಡುವ ಅವಸರದಲ್ಲಿ ಕಸದ ಮೇಲ್‌ಗಳ ಜೊತೆ ಗ್ರೀನ್ ಕಾರ್ಡ್ ಲಾಯರ್ ಕಳಿಸಿದ್ದ ಮೇಲನ್ನೂ ಅಳಿಸಿಬಿಟ್ಟ. ಗೊತ್ತಾಗಿದ್ದು, ಅದರಲ್ಲಿ ಕೇಳಿದ್ದ ಕಾಗದ ಕೊಡುವ ಗಡುವು ಮುಗಿದ ಮೇಲೆ. ಮತ್ತೆ ಅರ್ಜಿ ಹಾಕಬೇಕು, ಅಲ್ಲಿಯತನಕ ಇಬ್ಬರೂ ದೇಶ ಬಿಡುವಂತಿಲ್ಲ ಎಂದರು ಲಾಯರ್. ಇನ್ನು ಮೂರು ವಾರಕ್ಕೆ ಊರಲ್ಲಿ ನಂದಾಳ ತಂಗಿಯ ಮದುವೆ ಇತ್ತು. ನಂದಾ ತಾನೇ ಫೋನ್ ಮಾಡಿ ಟಿಕೆಟ್ ಕ್ಯಾನ್ಸಲ್ ಮಾಡಿಸಿದಳು.

ಆ ಶನಿವಾರ ಜ್ಯಾಕ್ಸನ್ ಹೈಟ್ಸ್‌ನ ಭಾರತೀಯ ಅಂಗಡಿಯೊಂದರಲ್ಲಿ ರಾಜಶೇಖರ ಎದುರಾದ. ಮೃತ್ಯುಂಜಯ ನಾಲ್ಕು ಜನರ ಮುಂದೆಯೇ ಕೇಳಿಬಿಟ್ಟ: "ಒಂದೊಂದು ಅಡ್ರೆಸ್ಸಿಗೆ ಎಷ್ಟು ಕೊಟ್ರಪಾ ನಿನಗ?" ರಾಜಶೇಖರನ ಮುಖ ಸಪ್ಪಗಾಯಿತು. ಕಾರು ಹತ್ತಿ ಹೊರಟುಹೋದ.

ನಂದಾಗೆ ತಡೆಯಲಾಗಲಿಲ್ಲ. ಪಕ್ಕದ ಮನೆಯ ಭೂಮಿಕಾಳನ್ನು ಕರೆದಳು. ಮೈಸೂರಿನ ಭೂಮಿಕಾ ಮ್ಯಾನ್‌ಹ್ಯಾಟನ್ನಿನ ಕಂಪನಿಯೊಂದರಲ್ಲಿ ಮೇಲ್ ಸರ್ವರ್ ನೋಡಿಕೊಳ್ಳುವವಳು. ಇವಳೂ ರಾಜಶೇಖರನ ಕಡೆಯವಳೇ ಇರಬೇಕು ಎಂದುಕೊಂಡೇ ಮೃತ್ಯುಂಜಯ ಕುರ್ಚಿ ಕೊಟ್ಟ.

ಅವಳು ವಾದ ಮಾಡಲಿಲ್ಲ. ಸರ್ಚ್ ಇಂಜಿನ್‌ನಲ್ಲಿ ನಿಮ್ಮದೇ ಈಮೇಲ್ ವಿಳಾಸ ಟೈಪ್ ಮಾಡಿ ಎಂದಳು. ಮೊದಲಿಗೇ ಅವನ ಪತ್ರ ಬಂತು. ಜೋಳದ ಹಿಟ್ಟು ಎಲ್ಲಿ ಸಿಗುತ್ತೆ ಎಂದು ಲಿಸ್ಟಿಗೆ ಬರೆದಿದ್ದ ಪತ್ರ. ಕೆಳಗೆ ಹೆಸರು, ಫೋನ್ ನಂಬರ್, ಈಮೇಲ್ ವಿಳಾಸ, ಎಲ್ಲವೂ ಇತ್ತು.

"ಲಿಸ್ಟಿನ ಹಳೇ ಪತ್ರಗಳನ್ನ ವೆಬ್‌ನಲ್ಲಿ ಯಾರು ಬೇಕಾದ್ರೂ ತೆಗೆದು ಓದಬಹುದು. ವಿಳಾಸ ಹೆಕ್ಕೋದಕ್ಕೇ ಪ್ರೋಗ್ರಾಂಗಳಿವೆ. ಪುಕ್ಕಟೆ ಸಿಗೋದನ್ನ ರಾಜಶೇಖರ್ ಹತ್ರ ಯಾರು ಕೊಂಡ್ಕೊಳ್ತಾರೆ? ನಾನೂ ಆ ಲಿಸ್ಟಿನಲ್ಲಿದ್ದೀನಿ, ಪತ್ರಗಳು ಹೀಗೆ ಉಳಿಯುತ್ತವೆ ಅಂತ ಸೇರಿದ ದಿನವೇ ಅವರು ಎಲ್ಲರಿಗೂ ಬರೆದು ಕಳಿಸ್ತಾರೆ. ಓದಿದ್ರಾ?"

ಓದಿರಲಿಲ್ಲ. ಜೊತೆಗೆ, ಬಂದ ಸ್ಪ್ಯಾಮಿಗೆಲ್ಲ, ಅಂದರೆ ಆ ಬೇಡದ ಮೇಲ್‌ಗಳಿಗೆಲ್ಲ, ನನ್ನ ಹೆಸರು ತೆಗೆಯಿರಿ ಎಂದು ಉತ್ತರ ಬರೆದಿದ್ದ. ಈ ವಿಳಾಸದಲ್ಲಿ ಓದುವವರಿದ್ದಾರೆ ಎಂದು ನೀವೇ ಹೇಳಿಕೊಟ್ಟಂತಾಯಿತು ಎಂದಳು ಭೂಮಿಕಾ.

ಮರುದಿನ ಮೃತ್ಯುಂಜಯ ಫ್ಲೋರಲ್ ಪಾರ್ಕಿಗೆ ಡ್ರೈವ್ ಮಾಡಿದ. ಬಾಗಿಲು ತೆಗೆದ ರಾಜಶೇಖರ ಒಳಗೆ ಬಾ ಎನ್ನಲಿಲ್ಲ. ಮೃತ್ಯುಂಜಯ ಹೊಸ್ತಿಲಾಚೆಯೇ ನಿಂತು, "ತಪ್ಪಾತು. ನಾಲ್ಕು ಮಂದಿ ಮುಂದ ಅಂದೆ, ಆ ನಾಲ್ಕು ಮಂದಿಗೂ ನಾನ ಹೇಳ್ತೀನಿ" ಎಂದ. ರಾಜಶೇಖರ ಬಾಗಿಲು ಪೂರ್ತಿ ತೆಗೆದ. ಆಮೇಲೆ ಇಬ್ಬರೂ ಕಂಪ್ಯೂಟರ್ ಮುಂದೆ ಕೂತು, ಹಳೆಯ ಪತ್ರಗಳನ್ನು ಸದಸ್ಯರಷ್ಟೇ ಓದುವಂತೆ ಮಾಡಿದರು. ಲಿಸ್ಟಿಗೆಂದೇ ಮೃತ್ಯುಂಜಯ ಬೇರೆ ವಿಳಾಸ ಮಾಡಿಕೊಂಡ. ಮನೆಯವರಿಗೆ, ಲಾಯರ್‌ಗೆ ಇನ್ನೊಂದು, ಬೇರೆ ಯಾರಿಗೂ ಗೊತ್ತಿಲ್ಲದ ಹೊಸದು. ಮದುವೆಯಂತೂ ನಂದಾಗೆ ತಪ್ಪಿಯೇ ಹೋಯಿತು.

ನೀವೂ ಯಾವುದಾದರೂ ಲಿಸ್ಟ್ ಸೇರುತ್ತೀರಾ? ಪತ್ರಗಳು ಎಲ್ಲಿ ಉಳಿಯುತ್ತವೆ, ಯಾರು ಓದಬಹುದು ಎಂದು ಮೊದಲು ಕೇಳಿ. ಮನೆಯ ವಿಳಾಸವನ್ನೂ ಫೋನ್ ನಂಬರನ್ನೂ ಅಲ್ಲಿ ಬರೆಯಬೇಡಿ, ಲಿಸ್ಟಿಗೆ ಬೇರೆ ಈಮೇಲ್ ಇಟ್ಟುಕೊಳ್ಳಿ. ಸ್ಪ್ಯಾಮಿಗೆ ಉತ್ತರ ಕೊಡಬೇಡಿ. ಗೆಳೆಯರ ಮೇಲೆ ಅನುಮಾನ ಬಂದರೆ, ಬಾಯಿ ಬಿಡುವ ಮುಂಚೆ ನಿಮ್ಮ ವಿಳಾಸವನ್ನು ನೀವೇ ಒಮ್ಮೆ ಹುಡುಕಿ ನೋಡಿ.